ಅಂಕಿ ಹಿಡಿದು ಹಾಡು ಹುಡುಕಿ: ಕರೋಕೆಗೂ ಪ್ಲೇಲಿಸ್ಟಿಗೂ ಜಪಾನಿ ಹಾಡುಗಳು

ಜಪಾನಿನ ಕರೋಕೆ ರೂಮಿನಲ್ಲಿ ಹಾಡು ಆರಿಸುವ ಟ್ಯಾಬ್ಲೆಟ್ ಕೈಗೆ ಬಂದಾಗ, ಕಾಂಜಿ, ಅಂದರೆ ಚೀನೀ ಮೂಲದ ಚಿತ್ರಾಕ್ಷರ, ಬಾರದವರಿಗೂ ತಡವರಿಸದೆ ಓದಲು ಬರುವುದು ಅಂಕಿ ಮಾತ್ರ. ಸುತ್ತ ಏನು ಬರೆದಿದೆ ಅಂತ ಗೊತ್ತಾಗದಿದ್ದರೂ 17, 22, 366, 999 ಕಣ್ಣಿಗೆ ಬಿದ್ದೇ ಬೀಳುತ್ತವೆ. ಅದಕ್ಕೇ ಹೊಸದಾಗಿ ಇಲ್ಲಿಗೆ ಬಂದ ನಮ್ಮವರಿಗೂ, ಊರಲ್ಲೇ ಕೂತು ಅನಿಮೆ, ಅಂದರೆ ಜಪಾನಿ ಕಾರ್ಟೂನ್, ನೋಡಿ ಹಾಡು ಕಲಿಯುವ ಹುಡುಗ ಹುಡುಗಿಯರಿಗೂ ನಾನು ಹೇಳುವುದು ಇಷ್ಟೇ: ಹೆಸರಿನಲ್ಲಿ ಸಂಖ್ಯೆ ಇರುವ ಹಾಡುಗಳಿಂದ ಶುರು ಮಾಡಿ. ಹುಡುಕಲು ಸುಲಭ, ನೆನಪಿನಲ್ಲಿ ಉಳಿಯುತ್ತವೆ, ಜೊತೆಗೆ ಭಾಷೆಯ ಎಣಿಕೆಯೂ ನಾಲಿಗೆಗೆ ಹತ್ತುತ್ತದೆ.

ನಾನು ತಿಪಟೂರಿನವಳು. ಟೋಕಿಯೋ ಪಕ್ಕದ ಸೈತಾಮದಲ್ಲಿ ವಯಸ್ಸಾದವರ ಡೇ ಸರ್ವಿಸ್ ಸೆಂಟರ್ ಒಂದರಲ್ಲಿ ಆರೈಕೆ ಕೆಲಸ. ಅಜ್ಜ ಅಜ್ಜಿಯರು ಬೆಳಿಗ್ಗೆ ವ್ಯಾನಿನಲ್ಲಿ ಬರುತ್ತಾರೆ, ಸ್ನಾನ, ಊಟ, ವ್ಯಾಯಾಮ ಮುಗಿಸಿ ಸಂಜೆ ಮನೆಗೆ ಹೋಗುತ್ತಾರೆ. ಮಧ್ಯಾಹ್ನ ಊಟದ ನಂತರ ಹಾಡಿನ ಹೊತ್ತು. ಅಲ್ಲಿ ನಡೆಯುವುದು ಅರವತ್ತು, ಎಪ್ಪತ್ತರ ದಶಕದ ಹಾಡು. ರಜೆಯ ಹಿಂದಿನ ಸಂಜೆ ಜೊತೆ ಕೆಲಸದವರೊಡನೆ ಸ್ಟೇಷನ್ ಪಕ್ಕದ ಕರೋಕೆ ಬಾಕ್ಸಿಗೆ ಹೋದರೆ ಅಲ್ಲಿ ಈಗಿನ ಹಾಡು. ಎರಡೂ ಕಡೆ ನನ್ನ ಕೈಹಿಡಿದಿದ್ದು ಸಂಖ್ಯೆಯ ಹಾಡುಗಳೇ.

ಮೊದಲು ಅಂಕಿಯನ್ನು ಬಾಯಲ್ಲಿ ಹೇಳಲು ಕಲಿಯಿರಿ

ಜಪಾನಿಗಳಿಗೆ ಎಣಿಕೆ ಒಂದೇ ಬಗೆಯದಲ್ಲ. ಲೆಕ್ಕಕ್ಕೆ ಇಚಿ, ನಿ, ಸನ್, ಯೊನ್ ಅಥವಾ ಶಿ, ಗೊ, ರೊಕು, ನನ ಅಥವಾ ಶಿಚಿ, ಹಚಿ, ಕ್ಯೂ ಅಥವಾ ಕು, ಜೂ. ಯೊನ್, ನನ ಬಿಟ್ಟರೆ ಇದು ಚೀನಾದಿಂದ ಬಂದದ್ದು. ಸಾಮಾನು ಎಣಿಸಲು, ಮಕ್ಕಳ ವಯಸ್ಸು ಹೇಳಲು ಹಿತೊತ್ಸು, ಫುತತ್ಸು, ಮಿತ್ತ್ಸು, ಯೊತ್ತ್ಸು, ಇತ್ಸುತ್ಸು, ಮುತ್ತ್ಸು, ನನತ್ಸು, ಯತ್ತ್ಸು, ಕೊಕೊನೊತ್ಸು, ತೋ. ಇದು ಅವರ ಸ್ವಂತದ್ದು. ಮೂರನೆಯದು ಇಂಗ್ಲಿಷಿನಿಂದ ಬಂದ ವನ್, ತ್ಸೂ, ಸುರೀ. ಹಾಡಿನ ಹೆಸರಿನಲ್ಲಿ ಈ ಮೂರರಲ್ಲಿ ಯಾವುದು ಬೇಕಾದರೂ ಇರಬಹುದು. ಬರೀ ಬರಹ ನೋಡಿ ಊಹಿಸಬೇಡಿ, ಒಮ್ಮೆ ಕೇಳಿ ಖಚಿತ ಮಾಡಿಕೊಳ್ಳಿ.

ಗೊಡೈಗೊ ತಂಡದ 1979ರ 'ಗಿಂಗ ತೆತ್ಸುದೋ 999' ತೆಗೆದುಕೊಳ್ಳಿ. ಬಾಹ್ಯಾಕಾಶದಲ್ಲಿ ಓಡುವ ರೈಲಿನ ಅನಿಮೆ ಚಿತ್ರದ ಹಾಡು. 999 ಅನ್ನು ಅಲ್ಲಿ ಒಂಬೈನೂರ ತೊಂಬತ್ತೊಂಬತ್ತು ಅಂತ ಓದುವುದಿಲ್ಲ, 'ಸುರೀ ನೈನ್' ಅನ್ನುತ್ತಾರೆ. ಡ್ರೀಮ್ಸ್ ಕಮ್ ಟ್ರೂ ತಂಡದ 'ಮಿರೈ ಯೊಸೋಜ಼ು 2' ಕೂಡ ಹಾಗೆಯೇ, ಕೊನೆಗೆ 'ತ್ಸೂ' ಬರುತ್ತದೆ. ಆದರೆ ರೆಮಿಯೊರೊಮೆನ್ ತಂಡದ 'ಮಾರ್ಚ್ 9' ಅಪ್ಪಟ ಜಪಾನಿ ಓದಿನಲ್ಲಿ 'ಸನ್‌ಗತ್ಸು ಕೊಕೊನೊಕ'. ತಿಂಗಳಿಗೆ ಚೀನೀ ಮೂಲದ ಸನ್, ದಿನಕ್ಕೆ ದೇಸೀ ಕೊಕೊನೊಕ. ಒಂದೇ ಹೆಸರಿನಲ್ಲಿ ಎರಡು ಎಣಿಕೆ.

ಇನ್ನೊಂದು ಬಗೆಯೂ ಇದೆ. ಅಂಕಿಗಳ ಮೊದಲ ಉಚ್ಚಾರಗಳನ್ನು ಜೋಡಿಸಿ ಪದ ಮಾಡುವುದು. ಇದಕ್ಕೆ ಗೊರೊಅವಸೆ ಅನ್ನುತ್ತಾರೆ. ಅಂಗಡಿಯ ಫೋನ್ ನಂಬರಿನಿಂದ ಹಿಡಿದು ಇತಿಹಾಸ ಪಾಠದ ಇಸವಿಯವರೆಗೆ ಎಲ್ಲ ಕಡೆ ಬಳಸುತ್ತಾರೆ. ಸ್ಪಿಟ್ಜ಼್ ತಂಡದ 2000ನೇ ಇಸವಿಯ 'ಹಯಬುಸ' ಆಲ್ಬಮ್ಮಿನಲ್ಲಿ '8823' ಅಂತ ಒಂದು ಹಾಡಿದೆ. ಎಂಟಕ್ಕೆ ಹ, ಮತ್ತೊಂದು ಎಂಟಕ್ಕೆ ಯ, ಎರಡಕ್ಕೆ ಬು, ಮೂರಕ್ಕೆ ಸ. ಹಯಬುಸ, ಅಂದರೆ ಡೇಗೆ ಜಾತಿಯ ಹಕ್ಕಿ. ಕೊಬುಕುರೊ ಜೋಡಿಯ 2007ರ ಆಲ್ಬಮ್ '5296' ಅಂದರೆ ಅವರದೇ ಹೆಸರು: ಕೊ, ಬು, ಕು, ರೊ. 39 ಅಂದರೆ ಸನ್ ಕ್ಯೂ, ಥ್ಯಾಂಕ್ಯೂ. ಅದೇ 39 ಅನ್ನು ಮಿ, ಕು ಅಂತ ಓದಿದರೆ ಕಂಪ್ಯೂಟರ್ ಗಾಯಕಿ ಹತ್ಸುನೆ ಮಿಕು.

ಭಿನ್ನರಾಶಿ ನಮಗೆ ಕಷ್ಟವೇ ಅಲ್ಲ. ಮೂರರಲ್ಲಿ ಒಂದು ಪಾಲು ಅಂತ ನಾವು ಹೇಳುವ ಕ್ರಮದಲ್ಲೇ ಅವರೂ ಹೇಳುತ್ತಾರೆ, 'ಸನ್‌ಬುನ್ ನೊ ಇಚಿ'. ಸಿಯಾಮ್ ಶೇಡ್ ತಂಡದ '1/3 ನೊ ಜುಂಜೋ ನ ಕಂಜೋ' ಹಾಗೆಯೇ ಓದಬೇಕು. ಕವಮೊತೊ ಮಕೊತೊ ಅವರ '1/2' ಅಂದರೆ 'ನಿಬುನ್ ನೊ ಇಚಿ'. ಎರಡೂ 1997ರವು, ಎರಡೂ ರುರೌನಿ ಕೆನ್‌ಶಿನ್ ಅನಿಮೆಯವು. ಒಂದು ಶುರುವಿನಲ್ಲಿ ಬರುತ್ತದೆ, ಇನ್ನೊಂದು ಕೊನೆಯಲ್ಲಿ.

ದೊಡ್ಡ ಸಂಖ್ಯೆಗಳಿಗೆ ಸ್ವಲ್ಪ ಕೂತು ಲೆಕ್ಕ ಹಾಕಬೇಕು. ಅವರಿಗೆ ಲಕ್ಷ, ಕೋಟಿ ಇಲ್ಲ. ಹತ್ತು ಸಾವಿರಕ್ಕೆ 'ಮನ್', ಹತ್ತು ಕೋಟಿಗೆ 'ಒಕು'. ಗೋ ಹಿರೊಮಿ ಅವರ 1984ರ ಹಾಡು 'ನಿ-ಒಕು ಯೊನ್‌ಸೆನ್‌ಮನ್ ನೊ ಹಿತೊಮಿ'. ಎರಡು ಒಕು ಅಂದರೆ 20 ಕೋಟಿ, ನಾಲ್ಕು ಸಾವಿರ ಮನ್ ಅಂದರೆ 4 ಕೋಟಿ, ಒಟ್ಟು 24 ಕೋಟಿ ಕಣ್ಣುಗಳು. ಆಗಿನ ಜಪಾನಿನ ಜನಸಂಖ್ಯೆ ಸುಮಾರು 12 ಕೋಟಿ, ತಲೆಗೆ ಎರಡು ಕಣ್ಣು. ಆಗಿನ್ನೂ ಸರ್ಕಾರದ್ದೇ ಆಗಿದ್ದ ಜಪಾನ್ ರಾಷ್ಟ್ರೀಯ ರೈಲ್ವೆಯ 'ಎಕ್ಸಾಟಿಕ್ ಜಪಾನ್' ಎಂಬ ಪ್ರವಾಸ ಪ್ರಚಾರಕ್ಕೆ ಈ ಹಾಡು. ಅದಕ್ಕೇ ಹಾಡಿನ ನಡುವೆ 'ಜಪಾನ್!' ಅಂತ ಕೂಗುವ ಜಾಗ ಬರುತ್ತದೆ. ರೂಮಿನಲ್ಲಿ ಇದ್ದವರೆಲ್ಲ ಕೂಗುತ್ತಾರೆ, ನೀವೂ ಕೂಗಿ.

ಸಾಹಿತ್ಯವನ್ನು ಕನ್ನಡದಲ್ಲೇ ಬರೆದುಕೊಳ್ಳಿ

ತುಂಬಾ ಜನ ರೋಮನ್ ಅಕ್ಷರದಲ್ಲಿ ಬರೆದುಕೊಂಡು ಕಲಿಯುತ್ತಾರೆ. ನನ್ನ ಮಾತು ಕೇಳಿ, ಕನ್ನಡದಲ್ಲಿ ಬರೆದುಕೊಳ್ಳಿ. ಜಪಾನಿ ಹಾಡಿನಲ್ಲಿ ಹ್ರಸ್ವ ದೀರ್ಘವೇ ತಾಳ. ನಮ್ಮಲ್ಲಿ ಎ ಬೇರೆ, ಏ ಬೇರೆ, ಒ ಬೇರೆ, ಓ ಬೇರೆ. 'ಜುಂಜೋ' ಅಂತ ಬರೆದರೆ ಜೋ ಅನ್ನು ಎಳೆಯಬೇಕು ಅಂತ ಕಣ್ಣಿಗೇ ಗೊತ್ತಾಗುತ್ತದೆ. ಅವರು ಚಿಕ್ಕ 'ತ್ಸು' ಬರೆದು ತೋರಿಸುವ ಒತ್ತು ನಮಗೆ ಒತ್ತಕ್ಷರವಾಗಿ ಸಿದ್ಧವಾಗಿದೆ: ಇಪ್ಪೊನ್, ನತ್ತೆ. ಅವರ 'ನ್' ಅಕ್ಷರಕ್ಕೆ ನಮ್ಮ ಸೊನ್ನೆ ಬಹುಪಾಲು ಸರಿಹೊಂದುತ್ತದೆ. ಮುಂದೆ ಪ, ಬ ಬಂದರೆ ಅದು ತಾನೇ 'ಮ್' ಆಗುತ್ತದೆ. ಮುನ್ನೂರು 'ಸಂಬ್ಯಕು' ಆಗುವುದು ಹೀಗೆ. ಆದರೆ ಒಂದು ಗಮನ ಇರಲಿ: ಹಾಡುವಾಗ ಆ ಸೊನ್ನೆಗೂ ಒಂದು ಪೂರ್ತಿ ಮಾತ್ರೆ ಕೊಡಬೇಕು. ನಾವು 'ಕಂಜೋ' ಎಂದು ಬೇಗ ಹೇಳಿಬಿಡುತ್ತೇವೆ, ಅವರು ಕ, ನ್, ಜೋ ಅಂತ ನಿಧಾನವಾಗಿ ಹೇಳುತ್ತಾರೆ. ಪರದೆಯ ಮೇಲೆ ಬಣ್ಣ ಓಡುವುದೂ ಅದೇ ಲೆಕ್ಕದಲ್ಲಿ.

ಪರದೆಯಲ್ಲಿ ಕಾಂಜಿಯ ತಲೆಯ ಮೇಲೆ ಚಿಕ್ಕದಾಗಿ, ಉಚ್ಚಾರ ತೋರಿಸುವ ಹಿರಗಾನ ಲಿಪಿ ಬರುತ್ತದೆ, ಅದಕ್ಕೆ ಫುರಿಗಾನ ಅನ್ನುತ್ತಾರೆ. ಹಿರಗಾನದ 46 ಅಕ್ಷರ ಕಲಿತರೆ ಸಾಕು, ಕಾಂಜಿ ಬಾರದಿದ್ದರೂ ಹಾಡು ನಿಲ್ಲುವುದಿಲ್ಲ.

ಯಂತ್ರದಲ್ಲಿ ಹಾಡು ಹುಡುಕುವುದು

ಇಲ್ಲಿನ ಕರೋಕೆ ಬಾಕ್ಸುಗಳಲ್ಲಿ ಮುಖ್ಯವಾಗಿ ಎರಡು ಯಂತ್ರ: ದೈಇಚಿಕೋಶೋ ಕಂಪನಿಯ ಡ್ಯಾಮ್, ಎಕ್ಸಿಂಗ್ ಕಂಪನಿಯ ಜಾಯ್‌ಸೌಂಡ್. ಕೌಂಟರಿನಲ್ಲಿ ಯಾವುದು ಬೇಕು ಅಂತ ಕೇಳಿದರೆ ಹೇಳಿ. ಹಾಡು ಆರಿಸುವ ಟ್ಯಾಬ್ಲೆಟ್ಟಿಗೆ ಡ್ಯಾಮಿನಲ್ಲಿ 'ದೆಂಮೊಕು' ಅನ್ನುತ್ತಾರೆ. ಇಂಗ್ಲಿಷಿಗೆ ಬದಲಿಸುವ ಗುಂಡಿ ಹಲವು ಕಡೆ ಇರುತ್ತದೆ, ಕೂತ ಕೂಡಲೇ ಅದನ್ನು ನೋಡಿಕೊಳ್ಳಿ. ದರ ಅರ್ಧ ಗಂಟೆಗೆ ತಲೆಗೆ ಇಷ್ಟು ಅಂತ ಇರುತ್ತದೆ, ಅಥವಾ 'ಫ್ರೀ ಟೈಮ್' ಅಂತ ಹಲವು ಗಂಟೆಗೆ ಒಟ್ಟು ದರ. ಹಗಲು ಅಗ್ಗ, ವಾರಾಂತ್ಯದ ರಾತ್ರಿ ದುಬಾರಿ. ಅಭ್ಯಾಸ ಮಾಡಬೇಕು ಅಂದರೆ ಹಗಲಲ್ಲಿ ಒಬ್ಬರೇ ಹೋಗಿ. ಒಬ್ಬರೇ ಹಾಡುವುದಕ್ಕೆ 'ಹಿತೊಕರ' ಅಂತ ಹೆಸರೇ ಇದೆ, ಯಾರೂ ವಿಚಿತ್ರವಾಗಿ ನೋಡುವುದಿಲ್ಲ.

ಹುಡುಕುವಾಗ ಮೊದಲು ಅಂಕಿ ಒತ್ತಿ ನೋಡಿ. ಸಿಗದಿದ್ದರೆ ಉಚ್ಚಾರಣೆಯನ್ನು ಹಿರಗಾನದಲ್ಲಿ ಹಾಕಿ. ಕೆಲವು ಹಾಡುಗಳ ಹೆಸರಿನಲ್ಲಿ ಸಂಖ್ಯೆ ಕಾಂಜಿಯಲ್ಲೇ ಇರುತ್ತದೆ, ಆಗ ಅಂಕಿ ಒತ್ತಿದರೆ ಬರದೇ ಇರಬಹುದು. ಉದಾಹರಣೆಗೆ ಮಿನಮಿ ಸಓರಿಯವರ '17 ಸೈ' ಅಂಕಿಯಲ್ಲಿದೆ, ಸಕುರದ ಜುಂಕೊ ಅವರ 'ಹದಿನೇಳರ ಬೇಸಿಗೆ' ಕಾಂಜಿಯಲ್ಲಿದೆ. ಸಂಖ್ಯೆಯ ಕಾಂಜಿ ಕಲಿಯುವುದೇನೂ ಕಷ್ಟವಲ್ಲ: ಒಂದಕ್ಕೆ ಒಂದು ಅಡ್ಡಗೆರೆ, ಎರಡಕ್ಕೆ ಎರಡು, ಮೂರಕ್ಕೆ ಮೂರು, ಹತ್ತಕ್ಕೆ ಕೂಡಿಸುವ ಚಿಹ್ನೆ. ಉಳಿದವು ಒಂದು ವಾರದ ಕೆಲಸ.

ಎಲ್ಲಕ್ಕಿಂತ ಭರವಸೆಯ ದಾರಿ ಗಾಯಕರ ಹೆಸರು. ಯಾಕೆಂದರೆ ಒಂದೇ ಸಂಖ್ಯೆಗೆ ಹಲವು ಹಾಡು. ಮಿಸ್ಟರ್ ಚಿಲ್ಡ್ರನ್ ತಂಡಕ್ಕೆ '365 ನಿಚಿ' ಇದೆ, ಎಕೆಬಿ 48ಕ್ಕೆ '365 ನಿಚಿ ನೊ ಕಮಿಹಿಕೋಕಿ' ಇದೆ, ಒಕಿನವದ ಎಚ್‌ವೈ ತಂಡಕ್ಕೆ '366 ನಿಚಿ' ಇದೆ. ಒಂದೇ ಹಾಡಿಗೆ ಎರಡು ರೂಪವೂ ಇರುತ್ತದೆ. '17 ಸೈ' ಹಾಡನ್ನು 1971ರಲ್ಲಿ ಹಾಡಿ ಮಿನಮಿ ಸಓರಿ ಪ್ರಸಿದ್ಧರಾದರು. ಅವರು ಒಕಿನವದವರು, ಆಗ ಒಕಿನವ ಇನ್ನೂ ಜಪಾನಿಗೆ ಮರಳಿರಲಿಲ್ಲ. 1989ರಲ್ಲಿ ಮೊರಿತಕ ಚಿಸತೊ ಅದೇ ಹಾಡನ್ನು ಕುಣಿತದ ಲಯಕ್ಕೆ ತಿರುಗಿಸಿದರು. ನಿಧಾನದ ರೂಪ ಕಲಿತು ಬಂದವರು ವೇಗದ್ದನ್ನು ಒತ್ತಿಬಿಟ್ಟರೆ ಮೊದಲ ಸಾಲಿನಲ್ಲೇ ಉಸಿರು ಹೋಗುತ್ತದೆ.

ಯಾರ ಜೊತೆ ಯಾವ ಹಾಡು

ಇಲ್ಲಿಯೇ ನಾನು ಹೆಚ್ಚು ಹೇಳಬೇಕಾದದ್ದು, ಯಾಕೆಂದರೆ ಹಾಡು ಚೆನ್ನಾಗಿದ್ದರೆ ಸಾಲದು, ಎದುರು ಕೂತವರಿಗೆ ಅದು ಗೊತ್ತಿರಬೇಕು.

ಹಿರಿಯರ ಜೊತೆ ಒಂದೇ ಒಂದು ಹಾಡು ಕಲಿಯುವುದಾದರೆ 'ಸಂಬ್ಯಕು ರೊಕುಜೂಗೊ-ಹೊ ನೊ ಮಾಚಿ' ಕಲಿಯಿರಿ. 365 ಹೆಜ್ಜೆಯ ಮಾರ್ಚ್. 1968ರಲ್ಲಿ ಸುಇಜ಼ೆಂಜಿ ಕಿಯೊಕೊ ಹಾಡಿದ್ದು. ಸುಖ ತಾನಾಗಿ ನಡೆದು ಬರುವುದಿಲ್ಲ, ನಾವೇ ಅದರ ಕಡೆ ನಡೆಯಬೇಕು. ದಿನಕ್ಕೊಂದು ಹೆಜ್ಜೆ, ಮೂರು ದಿನಕ್ಕೆ ಮೂರು ಹೆಜ್ಜೆ, ಮೂರು ಮುಂದೆ ಇಟ್ಟು ಎರಡು ಹಿಂದೆ. ಇಷ್ಟು ಅದರ ಸಾರ. ನಮ್ಮ ಸೆಂಟರಿನಲ್ಲಿ ಇದನ್ನು ಕುರ್ಚಿಯಲ್ಲಿ ಕೂತೇ ಹಾಡುತ್ತೇವೆ. ಮೂರು ಹೆಜ್ಜೆ ಬಂದಾಗ ಪಾದ ಮೂರು ಸಲ ಮುಂದೆ ತಟ್ಟಬೇಕು, ಎರಡು ಹೆಜ್ಜೆ ಬಂದಾಗ ಎರಡು ಸಲ ಹಿಂದೆ. ಒಬ್ಬರು ಅಜ್ಜಿಗೆ ಎಡಗಾಲು ಸ್ವಾಧೀನವಿಲ್ಲ. ಅವರು ಬಲಗೈಯಿಂದ ಎಡ ಮಂಡಿಯ ಮೇಲೆ ಬಡಿದು ಆ ಹೆಜ್ಜೆಯನ್ನು ಎಣಿಸುತ್ತಾರೆ, ಒಂದೂ ತಪ್ಪುವುದಿಲ್ಲ. ಮಾರ್ಚಿನ ತಾಳ ನೇರ, ಸ್ವರ ಏರಿಳಿತ ಕಡಿಮೆ, ಶಬ್ದಗಳೆಲ್ಲ ದಿನನಿತ್ಯದವು. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಮೊದಲ ಹಾಡು ನಾನು ಕಂಡಿಲ್ಲ.

ನಿಧಾನದ ಹಾಡು ಬೇಕು ಅಂದರೆ 'ಶಿಕಿ ನೊ ಉತ', ನಾಲ್ಕು ಋತುಗಳ ಹಾಡು. ವಸಂತಕ್ಕೆ ಗೆಳೆಯ, ಬೇಸಿಗೆಗೆ ಅಪ್ಪ, ಶರತ್ತಿಗೆ ಪ್ರಿಯ ವ್ಯಕ್ತಿ, ಚಳಿಗಾಲಕ್ಕೆ ಅಮ್ಮ. ರಾಗ ಒಂದೇ, ನಾಲ್ಕು ಸಲ ತಿರುಗಿ ಬರುತ್ತದೆ. 'ನನತ್ಸು ನೊ ಕೊ' 1921ರ ಮಕ್ಕಳ ಹಾಡು, ಬೆಟ್ಟದಲ್ಲಿ ಮರಿಗಳಿರುವ ಕಾಗೆಯದು. ಅದು ಏಳು ಮರಿಗಳೋ ಏಳು ವರ್ಷದ ಮರಿಯೋ ಅನ್ನುವ ಚರ್ಚೆ ಇವತ್ತಿಗೂ ಮುಗಿದಿಲ್ಲ. ನಮ್ಮ ಅಜ್ಜಂದಿರ ಮುಂದೆ ಆ ಪ್ರಶ್ನೆ ಎತ್ತಿದರೆ ಚಹಾದ ಹೊತ್ತು ಪೂರ್ತಿ ಮಾತು.

ನನಗೆ ತೀರಾ ಪ್ರೀತಿಯದು 'ಇಪ್ಪೊನ್ ದೆಮೊ ನಿಂಜಿನ್'. ಜಪಾನಿನಲ್ಲಿ ಅತಿ ಹೆಚ್ಚು ಮಾರಾಟವಾದ ಸಿಂಗಲ್ 1975ರ 'ಒಯೊಗೆ! ತೈಯಾಕಿಕುನ್', ಅದೇ ರೆಕಾರ್ಡಿನ ಹಿಂಬದಿಯಲ್ಲಿ ನಗಿರ ಕೆನ್‌ಇಚಿ ಹಾಡಿದ ಎಣಿಕೆಯ ಹಾಡಿದು. ಒಂದೇ ಇದ್ದರೂ ಅದು ಕ್ಯಾರೆಟ್, ಅಂದರೆ ನಿಂಜಿನ್. ಶುರುವಿನಲ್ಲೇ 'ನಿ', ಎರಡು. ಎರಡು ಜೊತೆ ಇದ್ದರೂ ಸಂದರು, ಅಂದರೆ ಚಪ್ಪಲಿ. ಶುರುವಿನಲ್ಲಿ 'ಸನ್', ಮೂರು. ಏಳು ಇದ್ದರೂ ಜೇನುನೊಣ, ಅದರ ಹೆಸರೇ 'ಹಚಿ', ಎಂಟು. ಹತ್ತಿದ್ದರೂ ಸ್ಟ್ರಾಬೆರಿ, 'ಇಚಿಗೊ', ಮತ್ತೆ ಒಂದಕ್ಕೆ ವಾಪಸ್. ನಾವು ಚಿಕ್ಕವರಿದ್ದಾಗ 'ಒಂದು ಎರಡು ಬಾಳೆಲೆ ಹರಡು' ಹೇಳುತ್ತಿದ್ದೆವಲ್ಲ, ಅಲ್ಲಿ ಅಂಕಿಗೆ ಪ್ರಾಸ ಜೊತೆಗೂಡುತ್ತದೆ. ಇಲ್ಲಿ ಪ್ರತಿ ಸಾಮಾನಿನ ಹೆಸರೊಳಗೆ ಮುಂದಿನ ಅಂಕಿ ಅಡಗಿ ಕೂತಿದೆ. ಇನ್ನೂ ಒಂದು ಲಾಭ: ಜಪಾನಿಯಲ್ಲಿ ಉದ್ದನೆಯ ವಸ್ತುವಿಗೆ ಒಂದು ಎಣಿಕೆ ಪದ, ಹಕ್ಕಿಗೆ ಒಂದು, ದೊಡ್ಡ ಪ್ರಾಣಿಗೆ ಒಂದು, ಲೋಟದ ಪಾನೀಯಕ್ಕೆ ಒಂದು. ಭಾಷಾ ಪರೀಕ್ಷೆಗೆ ಓದುವವರಿಗೆ ತಲೆನೋವಾಗುವ ಈ ಪದಗಳು ಆ ಹಾಡಿನಲ್ಲಿ ಸಾಲಾಗಿ ಬರುತ್ತವೆ. ಭಾಷೆಯ ಕ್ಲಾಸಿಗೆ ಹೋಗುವ ನಮ್ಮ ಹುಡುಗಿಯರಿಗೆ ನಾನು ಇದನ್ನೇ ಕಲಿಸುತ್ತೇನೆ.

ಐವತ್ತು, ಅರವತ್ತು ದಾಟಿದ ಸಹೋದ್ಯೋಗಿಗಳಿಗೆ 'ನಿಜೂನಿ-ಸೈ ನೊ ವಕರೆ'. 22ನೇ ವಯಸ್ಸಿನ ಅಗಲಿಕೆ. ಇಸೆ ಶೋಜೋ ಬರೆದದ್ದು, ಅವರ ಕಜ಼ೆ ಎಂಬ ಜೋಡಿ 1975ರಲ್ಲಿ ಹಾಡಿ ಮನೆಮಾತಾಯಿತು. ಹುಟ್ಟುಹಬ್ಬದ 22 ಮೇಣದ ಬತ್ತಿಗಳಲ್ಲಿ 17ನೆಯದರಿಂದ ಇಬ್ಬರೂ ಸೇರಿ ಹಚ್ಚಿದ್ದು ನೆನಪಾಗುತ್ತದೆ. ನಂತರ ಐದು ವರ್ಷದ ಮಾತು ಬರುತ್ತದೆ. ಲೆಕ್ಕ ಹಾಕಿ ನೋಡಿ, 22ರಲ್ಲಿ 17 ಕಳೆದರೆ ಐದು. ಹೆಸರಿನ ಸಂಖ್ಯೆ ಹಾಡಿನೊಳಗೆ ಹೀಗೆ ಕೆಲಸ ಮಾಡುವುದು ಅಪರೂಪ. ಹಾಡುವಾಗ ಗಿಟಾರಿನ ಶುರುವಿನ ನಾದ ಪೂರ್ತಿ ಕೇಳಲು ಬಿಡಿ, ಅಲ್ಲಿ ಮಾತಾಡಬೇಡಿ.

ಆ ವಯಸ್ಸಿನವರಲ್ಲಿ ಜೋಡಿ ಹಾಡಿಗೆ ಕರೆದರೆ 'ಸನ್‌ನೆನ್‌ಮೆ ನೊ ಉವಕಿ', 1982ರದ್ದು. ಮದುವೆಯಾದ ಮೂರನೇ ವರ್ಷ ಗಂಡ ದಾರಿ ತಪ್ಪಿದ್ದಾನೆ, ಕ್ಷಮಿಸು ಅನ್ನುತ್ತಾನೆ, ಹೆಂಡತಿ ಬಿಡುವುದಿಲ್ಲ. ಗಂಡಿನ ಸಾಲು, ಹೆಣ್ಣಿನ ಸಾಲು ಬೇರೆ ಬೇರೆ ಬಣ್ಣದಲ್ಲಿ ಬರುವುದರಿಂದ ಗೊಂದಲವಾಗುವುದಿಲ್ಲ. ಇದು ಗೆಳೆಯರ ಕೂಟಕ್ಕೆ ಸರಿ, ಮದುವೆಯ ಪಾರ್ಟಿಗೆ ಬೇಡ. ಮದುವೆಯಲ್ಲಿ ಅಗಲಿಕೆಯ ಶಬ್ದವನ್ನೇ ಇವರು ಆಡುವುದಿಲ್ಲ, ಆದ್ದರಿಂದ 22ರ ಹಾಡೂ ಅಲ್ಲಿ ನಿಷಿದ್ಧ. 'ಸೆನ್ ನೊ ಕಜ಼ೆ ನಿ ನತ್ತೆ', ಅಂದರೆ ಸಾವಿರ ಗಾಳಿಗಳಾಗಿ, ತೀರಿಹೋದವರು ಉಳಿದವರೊಡನೆ ಮಾತಾಡುವ ಹಾಡು. ಅಕಿಕವ ಮಸಫುಮಿ ಅದನ್ನು ಹಾಡಿದ ಮೇಲೆ ದೇಶವೆಲ್ಲ ಹಾಡಿತು. ಬಹಳ ಒಳ್ಳೆಯ ಹಾಡು. ಆದರೆ ಇತ್ತೀಚೆಗೆ ಸಂಗಾತಿಯನ್ನು ಕಳೆದುಕೊಂಡವರು ಎದುರಿದ್ದರೆ, ಅವರಾಗಿ ಕೇಳದೆ ನಾನು ಹಾಕುವುದಿಲ್ಲ.

ಮದುವೆಗೆ ಹೊಂದುವುದು 'ಸನ್‌ಗತ್ಸು ಕೊಕೊನೊಕ'. ಗೆಳೆಯರ ಮದುವೆಗೆಂದೇ ಬರೆದ ಹಾಡು, 2004ರ ಮಾರ್ಚ್ 9ರಂದು ಹೊರಬಂತು. ಇಲ್ಲಿ ಶಾಲಾ ವರ್ಷ ಮುಗಿಯುವುದು ಮಾರ್ಚಿನಲ್ಲಿ, ಹಾಗಾಗಿ ಮುಂದೆ ಶಾಲೆಯ ಬೀಳ್ಕೊಡುಗೆಗೂ ಅದೇ ಹಾಡಾಯಿತು. 2005ರ '1 ಲೀಟರ್ ಕಣ್ಣೀರು' ಎಂಬ ಟಿವಿ ಧಾರಾವಾಹಿ ನೋಡಿದವರಿಗೆ ಶಾಲಾಮಕ್ಕಳು ಒಟ್ಟಾಗಿ ಅದನ್ನು ಹಾಡುವುದು ನೆನಪಿರುತ್ತದೆ. 'ಮಿರೈ ಯೊಸೋಜ಼ು 2' ಕೂಡ ಮದುವೆಗೆ ಚೆನ್ನ. ಅದರಲ್ಲಿ ಕಾರಿನ ಹಿಂದಿನ ಕೆಂಪು ದೀಪ ಐದು ಸಲ ಮಿನುಗುತ್ತದೆ; ಅ, ಇ, ಶಿ, ತೆ, ರು ಎಂಬ ಐದು ಅಕ್ಷರಕ್ಕೆ ಒಂದೊಂದು ಮಿನುಗು. ನಿನ್ನನ್ನು ಪ್ರೀತಿಸುತ್ತೇನೆ ಅನ್ನುವ ಸನ್ನೆ.

ಇಪ್ಪತ್ತು, ಮೂವತ್ತರ ವಯಸ್ಸಿನವರ ನಡುವೆ 'ಸೆನ್‌ಬೊನ್‌ಜ಼ಕುರ' ಎಲ್ಲರಿಗೂ ಗೊತ್ತು. ಸಾವಿರ ಚೆರ್ರಿ ಮರ. ಕುರೊಉಸ-ಪಿ 2011ರಲ್ಲಿ ಹತ್ಸುನೆ ಮಿಕು ದನಿಯಲ್ಲಿ ಮಾಡಿದ ಹಾಡು. ಯಂತ್ರದ ದನಿಗೆಂದು ಬರೆದದ್ದರಿಂದ ಉಸಿರಾಡಲು ಜಾಗವಿಲ್ಲ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅಂತ ಮೊದಲೇ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ಎಂಕ, ಅಂದರೆ ಹಳೆಯ ಶೈಲಿಯ ಭಾವುಕ ಹಾಡುಗಳ, ಗಾಯಕಿ ಕೊಬಯಶಿ ಸಚಿಕೊ 2015ರ ವರ್ಷಾಂತ್ಯದ ಕೋಹಕು ಎಂಬ ಟಿವಿ ಹಾಡಿನ ಕಾರ್ಯಕ್ರಮದಲ್ಲಿ ಇದನ್ನು ಹಾಡಿದ್ದರು, ಹಾಗಾಗಿ ನಮ್ಮ ಕೆಲವು ಅಜ್ಜಿಯರಿಗೂ ಇದು ಗೊತ್ತು. ಯೊಅಸೊಬಿಯ 'ಸಂಗೆನ್‌ಶೊಕು', ಅಂದರೆ ಮೂಲ ಮೂರು ಬಣ್ಣ, 2021ರದ್ದು. ಅದಕ್ಕೂ ಉಸಿರಿನ ತಯಾರಿ ಬೇಕು. '366 ನಿಚಿ' ತುಂಬಾ ಮೇಲೆ ಹೋಗುತ್ತದೆ, ಕೀ, ಅಂದರೆ ಶ್ರುತಿ, ಎರಡು ಮೂರು ಇಳಿಸಿಕೊಂಡೇ ಹಾಡಿ. ಒಜ಼ಕಿ ಯುತಕ ಅವರ 'ಜೂಗೊ ನೊ ಯೊರು', 15ರ ರಾತ್ರಿ, 1983ರಲ್ಲಿ ಅವರು ಹದಿನೆಂಟು ತುಂಬಿದಾಗ ಬಂದ ಮೊದಲ ಹಾಡು. ಗಂಟಲು ಕಾಯ್ದಿದ್ದರೆ ಮಾತ್ರ ಹಾಕಿ, ಪಲ್ಲವಿಯಲ್ಲಿ ಅರೆಮನಸ್ಸು ನಡೆಯುವುದಿಲ್ಲ.

ರೂಮಿನೊಳಗಿನ ನಡವಳಿಕೆ

ಇದು ಬೇಗ ಮುಗಿಯುತ್ತದೆ. ಒಬ್ಬರೇ ಸಾಲಾಗಿ ಎರಡು ಹಾಡು ಹಾಕಬೇಡಿ. ಜನ ಹೆಚ್ಚಿದ್ದರೆ ಮೊದಲ ಚರಣ ಮಾತ್ರ, ಅಂದರೆ 'ಇಚಿಬನ್', ಹಾಡಿ ನಿಲ್ಲಿಸುವ ಗುಂಡಿ ಒತ್ತಿದರೆ ಎಲ್ಲರಿಗೂ ಸರದಿ ಸಿಗುತ್ತದೆ. ನೂರಕ್ಕೆ ಅಂಕ ಕೊಡುವ 'ಸೈತೆನ್' ಎಲ್ಲರೂ ಒಪ್ಪಿದರೆ ಮಾತ್ರ ಹಾಕಿ. ಒಬ್ಬರೇ ಅಭ್ಯಾಸ ಮಾಡುವಾಗ ಅದು ಒಳ್ಳೆಯ ಗುರು, ಯಾವ ಸ್ವರ ಜಾರಿತು ಅಂತ ಗೆರೆ ಎಳೆದು ತೋರಿಸುತ್ತದೆ. 'ನಿಮ್ಮ ಜೂಹಚಿಬನ್ ಯಾವುದು?' ಅಂತ ಯಾರಾದರೂ ಕೇಳಿದರೆ ಗಾಬರಿ ಬೇಡ, ನೀವು ಚೆನ್ನಾಗಿ ಹಾಡುವ ಹಾಡು ಯಾವುದು ಅಂತ ಪ್ರಶ್ನೆ. ಹದಿನೆಂಟನೆಯದು ಅಂತ ಬರೆದು 'ಒಹಕೊ' ಅಂತಲೂ ಓದುತ್ತಾರೆ. ಏಳನೇ ಇಚಿಕವ ದಂಜೂರೋ ಎಂಬ, ಕಬುಕಿ ಅನ್ನುವ ಸಾಂಪ್ರದಾಯಿಕ ನಾಟಕದ ನಟರು 1832ರಲ್ಲಿ ತಮ್ಮ ಮನೆತನದ ಹದಿನೆಂಟು ನಾಟಕಗಳನ್ನು ಆರಿಸಿ ಸಾರಿದ್ದರ ಜೊತೆ ಈ ಮಾತು ಬೆಸೆದುಕೊಂಡಿದೆ.

ಪ್ಲೇಲಿಸ್ಟ್ ಕಟ್ಟುವುದು

ಬಸ್ಸಿನಲ್ಲಿ, ಅಡುಗೆ ಮಾಡುತ್ತಾ ಕೇಳಲು ನಾನು ಹಾಡುಗಳನ್ನು ಸಂಖ್ಯೆಯ ಏರಿಕೆಯಲ್ಲೇ ಜೋಡಿಸಿದ್ದೇನೆ. ಶುರುವಿಗೆ ಬೀಜ಼್ ಜೋಡಿಯ 1992ರ 'ಜ಼ೀರೊ'. ಸೊನ್ನೆಗೂ ಒಂದಕ್ಕೂ ನಡುವೆ ಆ ಎರಡು ಭಿನ್ನರಾಶಿಯ ಹಾಡು, ಮೊದಲು 1/3, ಆಮೇಲೆ 1/2. ಒಂದಕ್ಕೆ ಸ್ಮ್ಯಾಪ್ ತಂಡದ 'ಸೆಕೈ ನಿ ಹಿತೊತ್ಸು ದಕೆ ನೊ ಹನ', ಲೋಕಕ್ಕೆ ಒಂದೇ ಒಂದು ಹೂವು. 2003ರದ್ದು. ಇದನ್ನು ಬರೆದ ಮಕಿಹರ ನೊರಿಯುಕಿ ಹತ್ತು ವರ್ಷದ ಹಿಂದೆ 'ನಂಬರ್ 1' ಅಂತಲೇ ಒಂದು ಪ್ರೇಮಗೀತೆ ಹಾಡಿದ್ದರು. ಇಲ್ಲಿ ಮೊದಲ ಸ್ಥಾನ ಬೇಡವೇ ಬೇಡ ಅನ್ನುತ್ತಾರೆ. ಎರಡನ್ನೂ ಒಟ್ಟಿಗೆ ಇಟ್ಟು ಕೇಳಿ. ಎರಡಕ್ಕೆ ಮಿರೈ, ಮೂರಕ್ಕೆ ಸಂಗೆನ್‌ಶೊಕು, ನಾಲ್ಕಕ್ಕೆ ಚಿಅಕಿ ನಓಮಿಯವರ 1970ರ 'ಯೊತ್ತ್ಸು ನೊ ಒನೆಗೈ', ಐದಕ್ಕೆ 'ಗೊಬಂಗೈ ನೊ ಮರೀ ಎ', ಆರಕ್ಕೆ ಆನ್ ಲೂಯಿಸ್ ಅವರ 'ರೊಪ್ಪೊಂಗಿ ಶಿಂಜೂ', ಏಳಕ್ಕೆ ಕಾಗೆಯ ಹಾಡು, ಎಂಟಕ್ಕೆ ಯೊರುಶಿಕ ತಂಡದ ಆಗಸ್ಟಿನ ಹಾಡು 'ಹಚಿಗತ್ಸು, ಬೋ, ತ್ಸುಕಿಅಕರಿ', ಒಂಬತ್ತಕ್ಕೆ ಮಾರ್ಚ್ 9, ಹತ್ತಕ್ಕೆ ಎಕೆಬಿ 48ರ 'ಜೂನೆನ್‌ಜ಼ಕುರ'.

ಹತ್ತರಿಂದಾಚೆಗೆ ನನಗೆ ತುಂಬಾ ಹಿಡಿಸಿದ್ದು 'ಜೂಯೊನ್‌ಬನ್‌ಮೆ ನೊ ತ್ಸುಕಿ', ಹದಿನಾಲ್ಕನೆಯ ಚಂದ್ರ. ಈಗ ಮತ್ಸುತೋಯ ಯುಮಿ ಎಂದು ಹೆಸರಾದವರು ಅರೈ ಯುಮಿ ಆಗಿದ್ದಾಗ, 1976ರಲ್ಲಿ ಹಾಡಿದ್ದು. ಹುಣ್ಣಿಮೆಯ ಮಾರನೆಯ ದಿನದಿಂದ ಚಂದ್ರ ಕ್ಷಯಿಸುತ್ತಾನೆ, ಅದಕ್ಕೇ ಚತುರ್ದಶಿಯ ಚಂದ್ರನೇ ಇಷ್ಟ ಅನ್ನುತ್ತಾಳೆ ಹುಡುಗಿ. ತಿಥಿ ನೋಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಂತರ 15, 17, 22, 365, 366, 999, ಸಾವಿರ ಚೆರ್ರಿ. ಅದಾದ ಮೇಲೆ ಕತೋ ತೊಕಿಕೊ ಅವರ 'ಹ್ಯಕುಮನ್‌ಬೊನ್ ನೊ ಬರ', ಹತ್ತು ಲಕ್ಷ ಗುಲಾಬಿ. ರಾಗ ಲಾಟ್ವಿಯಾದ ರೈಮಂಡ್ಸ್ ಪೌಲ್ಸ್ ಅವರದು, ರಷ್ಯನ್ನಿನಲ್ಲಿ ಅಲ್ಲಾ ಪುಗಚೋವಾ ಹಾಡಿ ಎಲ್ಲೆಡೆ ಹಬ್ಬಿತು, ಅಲ್ಲಿಂದ ಜಪಾನಿಗೆ ಬಂತು. ಎಲ್ಲಕ್ಕೂ ತುದಿಗೆ 24 ಕೋಟಿ ಕಣ್ಣು. ಬೆಳಿಗ್ಗೆ ಓಡುವವರು 'ಲವ್ 2000' ಸೇರಿಸಿಕೊಳ್ಳಿ. ಸಿಡ್ನಿ ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ ಚಿನ್ನ ಗೆದ್ದ ತಕಹಶಿ ನಓಕೊ ಓಟಕ್ಕೆ ಮುಂಚೆ ಕೇಳುತ್ತಿದ್ದ ಹಾಡು ಅದು.

ಆ್ಯಪಿನಲ್ಲಿ ಒಂದೇ ಹಾಡು ಒಮ್ಮೆ ರೋಮನ್ ಹೆಸರಿನಲ್ಲಿ, ಒಮ್ಮೆ ಜಪಾನಿ ಹೆಸರಿನಲ್ಲಿ ಬರುತ್ತದೆ. ಗಾಯಕರ ಹೆಸರು ಮತ್ತು ಅಂಕಿ ಒಟ್ಟಿಗೆ ಹಾಕಿ ಹುಡುಕಿ. ಬೇರೆಯವರು ಹಾಡಿದ ನಕಲು ರೂಪಗಳೂ ಬಹಳ, ಮೂಲದ ಇಸವಿ ನೋಡಿ ಆರಿಸಿ. ಅಭ್ಯಾಸಕ್ಕೆ 'ಆಫ್ ವೋಕಲ್' ಎಂದಿರುವುದನ್ನು ಬೇರೆ ಪಟ್ಟಿಯಲ್ಲಿ ಇಟ್ಟುಕೊಳ್ಳಿ, ಅದರಲ್ಲಿ ದನಿ ಇರುವುದಿಲ್ಲ.

ಕರೋಕೆ ಬಾಕ್ಸಿನಲ್ಲಿ ಹೊತ್ತು ಮುಗಿಯಲು 10 ನಿಮಿಷ ಇರುವಾಗ ರೂಮಿನ ಫೋನ್ ಹೊಡೆದುಕೊಳ್ಳುತ್ತದೆ. ಇನ್ನೂ ಇರುವುದಾದರೆ 'ಎಂಚೋ' ಅಂದರೆ ಸಾಕು, ಸಮಯ ವಿಸ್ತರಿಸುತ್ತಾರೆ. ಇಲ್ಲದಿದ್ದರೆ ಎರಡು ಹಾಡಿಗೆ ಮಾತ್ರ ಜಾಗ. ಮೊದಲನೆಯದಕ್ಕೆ 999 ಹಾಕಿ, ಪಲ್ಲವಿ ಇಂಗ್ಲಿಷಿನಲ್ಲಿದೆ, ಹೊಸಬರೂ ದನಿ ಸೇರಿಸಬಹುದು. ಎರಡನೆಯದಕ್ಕೆ ಸ್ಮ್ಯಾಪಿನ ಹೂವಿನ ಹಾಡು. ಹಾಡಲು ಬಾರದವರು ಇಲ್ಲವೇ ಇಲ್ಲ, ಮೈಕನ್ನು ಯಾರ ಕೈಗೆ ಬೇಕಾದರೂ ಕೊಡಿ. ಆಮೇಲೆ ಮೈಕು, ಟ್ಯಾಬ್ಲೆಟ್ ಜಾಗದಲ್ಲಿಟ್ಟು, ಬಿಲ್ಲಿನ ಚೀಟಿ ಮರೆಯದೆ ಎತ್ತಿಕೊಂಡು ಕೌಂಟರಿಗೆ ಹೋಗಿ.